ಪೀಣ್ಯದ ಶೆಡ್ಡುಗಳಲ್ಲಿ ಕೂಡಿಟ್ಟ ನಂಬಿಕೆ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟವರಿಗೆ ಪೀಣ್ಯ ಎಂದರೆ ಲೇತ್ ಯಂತ್ರಗಳ ಸದ್ದು, ಲಾರಿಗಳ ಸಾಲು, ಗ್ರೀಸು ಮೆತ್ತಿದ ನೀಲಿ ಅಂಗಿ ತೊಟ್ಟು ಪಾಳಿ ಮುಗಿಸಿ ಬರುವ ಜನ. ಈ ಹೆಸರು ಹೇಳಿದರೆ ಯಾರಿಗೂ ಆಕಾಶ ನೆನಪಾಗುವುದಿಲ್ಲ. ಆದರೆ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ತಯಾರಾದದ್ದು ಇಲ್ಲಿಯೇ. ಯಾವುದೋ ಸಣ್ಣ ಕಾರ್ಖಾನೆಗೆಂದು ಕಟ್ಟಿದ, ಆಸ್ಬೆಸ್ಟಾಸ್ ಶೀಟು ಹೊದಿಸಿದ ಶೆಡ್ಡುಗಳಲ್ಲಿ, ಅದುವರೆಗೆ ಒಂದು ಉಪಗ್ರಹವನ್ನೂ ಕಣ್ಣಿನಿಂದ ನೋಡಿರದ ಯುವಕ ಯುವತಿಯರು ಅದನ್ನು ಕಟ್ಟಿದರು. 1972ರಿಂದ 1975ರವರೆಗಿನ ಈ ಕಥೆ ವಿಜ್ಞಾನದ ಪಾಠಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗಿದೆ. ಅದನ್ನು ಮನುಷ್ಯರ ಕಥೆಯಾಗಿ ಓದುವ ಅಗತ್ಯ ಇಂದು ಹೆಚ್ಚಾಗಿದೆ.

ಏಕೆಂದರೆ ವೈಟ್‌ಫೀಲ್ಡ್, ಇಲೆಕ್ಟ್ರಾನಿಕ್ ಸಿಟಿಗಳ ಕಂಪನಿಗಳಲ್ಲಿ ತಂಡ ಕಟ್ಟುವುದು ಹೇಗೆ ಎಂದು ಹೇಳಿಕೊಡುವುದೇ ಈಗ ಒಂದು ಉದ್ಯೋಗ. ತರಬೇತುದಾರರು ಬರುತ್ತಾರೆ, ಸಹಾನುಭೂತಿ, ವಿಶ್ವಾಸ, ಸಹಕಾರ ಎಂಬ ಮೂರು ಮಾತುಗಳನ್ನು ಪರದೆಯ ಮೇಲೆ ಮೂಡಿಸುತ್ತಾರೆ, ಅಮೆರಿಕದ ಅಥವಾ ಜಪಾನಿನ ಉದಾಹರಣೆ ಕೊಡುತ್ತಾರೆ. ಮಾತುಗಳಲ್ಲಿ ತಪ್ಪೇನಿಲ್ಲ. ಆದರೆ ಅದೇ ನಗರದ ಇನ್ನೊಂದು ಅಂಚಿನಲ್ಲಿ ಈ ಮೂರೂ ಮಾತುಗಳಿಗೆ ಬೆಲೆ ತೆತ್ತು ಬದುಕಿದವರಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆಗಳ ಉರ್ದುವಿನಲ್ಲಿ ಸಹಾನುಭೂತಿಗೆ ‘ಹಮ್‌ದರ್ದಿ’ ಎನ್ನುತ್ತೇವೆ. ನೋವಿನಲ್ಲಿ ಜೊತೆಯಾಗುವುದು ಎಂದು ಅದರ ಅರ್ಥ. ಬೆನ್ನು ತಟ್ಟಿ ಎರಡು ಸಿಹಿ ಮಾತಾಡುವುದಕ್ಕೆ ಯಾರೂ ಹಮ್‌ದರ್ದಿ ಎನ್ನುವುದಿಲ್ಲ. ಆ ಪದದ ಪೂರ್ಣ ಅರ್ಥ ತಿಳಿಯಬೇಕಾದರೆ ಪೀಣ್ಯಕ್ಕೆ ಹೋಗಬೇಕು.

ಗುರುವಿಲ್ಲದ ಮನೆ

1971ರಲ್ಲಿ ಸೋವಿಯತ್ ಒಕ್ಕೂಟ ಭಾರತಕ್ಕೆ ಒಂದು ಆಹ್ವಾನ ಕೊಟ್ಟಿತು. ಉಪಗ್ರಹವನ್ನು ನೀವು ತಯಾರಿಸಿ, ನಮ್ಮ ರಾಕೆಟ್ಟಿನಲ್ಲಿ ಹಾರಿಸಿಕೊಡುತ್ತೇವೆ ಎಂದಿತು. ಆಗ ನಮ್ಮ ಬಾಹ್ಯಾಕಾಶ ಕಾರ್ಯಕ್ರಮದ ಹಿರಿಯ ವಿಕ್ರಮ್ ಸಾರಾಭಾಯಿ. ಅವರು ಈ ಕೆಲಸಕ್ಕೆ ಆರಿಸಿದ್ದು ತಮ್ಮ ಶಿಷ್ಯ ಉಡುಪಿ ರಾಮಚಂದ್ರ ರಾವ್ ಅವರನ್ನು. ಅದೇ ವರ್ಷ ಡಿಸೆಂಬರ್ 30ರಂದು ಕೋವಳಂನಲ್ಲಿ ಸಾರಾಭಾಯಿ ತೀರಿಕೊಂಡರು. ಅವರಿಗೆ 52 ವರ್ಷ ವಯಸ್ಸು. ಸೋವಿಯತ್ ವಿಜ್ಞಾನ ಅಕಾಡೆಮಿಯೊಂದಿಗಿನ ಒಪ್ಪಂದಕ್ಕೆ 1972ರ ಮೇ ತಿಂಗಳಲ್ಲಿ ಸಹಿ ಬೀಳುವಾಗ ಈ ಕನಸನ್ನು ಕಂಡವರೇ ಇರಲಿಲ್ಲ.

ಯು.ಆರ್. ರಾವ್ ಉಡುಪಿ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು. ಉಡುಪಿ, ಬಳ್ಳಾರಿ, ಅನಂತಪುರ, ಬನಾರಸ್ ಎಂದು ಊರೂರು ಅಲೆದು ಓದಿ, ಅಹಮದಾಬಾದಿನಲ್ಲಿ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ ಮಾಡಿ, ಅಮೆರಿಕದಲ್ಲಿ ಕೆಲವು ವರ್ಷ ದುಡಿದು ಮರಳಿದ್ದರು. ಅಮೆರಿಕದ ಗಗನನೌಕೆಗಳಲ್ಲಿ ಪ್ರಯೋಗ ನಡೆಸಿದ ಅನುಭವ ಅವರಿಗಿತ್ತು. ಅವರ ತಂಡಕ್ಕೆ ಅದೂ ಇರಲಿಲ್ಲ. ತಂಡದ ಬಹುಪಾಲು ಜನ ಇಪ್ಪತ್ತರ ಹರೆಯದವರು, ಕಾಲೇಜಿನಿಂದ ಈಚೆಗೆ ಬಂದವರು.

ಸಾರಾಭಾಯಿಯವರ ನಂತರ ಎಂ.ಜಿ.ಕೆ. ಮೆನನ್ ಕೆಲವು ತಿಂಗಳು ಇಸ್ರೋದ ಹೊಣೆ ಹೊತ್ತರು. ಆಮೇಲೆ ಇಂದಿರಾ ಗಾಂಧಿಯವರು ಕರೆದದ್ದು ಸತೀಶ್ ಧವನ್ ಅವರನ್ನು. ಶ್ರೀನಗರದಲ್ಲಿ ಹುಟ್ಟಿ, ಲಾಹೋರಿನಲ್ಲಿ ಗಣಿತ, ಇಂಗ್ಲಿಷ್ ಸಾಹಿತ್ಯ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನ್ನೂ ಓದಿದ ಧವನ್ ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಅವರು ಎರಡು ಷರತ್ತು ಹಾಕಿದರು. ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ಬಿಡುವುದಿಲ್ಲ, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡೂ ಒಪ್ಪಿಗೆಯಾದವು. ಇಸ್ರೋ ಕನ್ನಡ ನಾಡಿನ ಮನೆಮಾತಾದದ್ದು ಹೀಗೆ.

ಶೌಚಾಲಯವೂ ಪ್ರಯೋಗಾಲಯ

1972ರ ಸೆಪ್ಟೆಂಬರಿನಲ್ಲಿ ಕೆಲಸ ಆರಂಭವಾಯಿತು. ಪೀಣ್ಯ ಆಗ ನಗರದಾಚೆ ರೂಪುಗೊಳ್ಳುತ್ತಿದ್ದ ಕೈಗಾರಿಕಾ ಪ್ರದೇಶ. ದೊಡ್ಡ ಕಟ್ಟಡ ಏಳುವವರೆಗೆ ಕಾಯುವ ವ್ಯವಧಾನ ಇರಲಿಲ್ಲವಾದ್ದರಿಂದ ಸಿಕ್ಕ ಶೆಡ್ಡುಗಳನ್ನೇ ಪ್ರಯೋಗಾಲಯ ಮಾಡಿಕೊಂಡರು. ಉಪಗ್ರಹದ ಭಾಗಗಳ ಮೇಲೆ ಒಂದು ಧೂಳಿನ ಕಣವೂ ಕೂರಬಾರದು. ಅಂತಹ ಶುಚಿಯಾದ ಕೋಣೆಯನ್ನು ಆ ಶೆಡ್ಡಿನೊಳಗೇ ಕಟ್ಟಿಕೊಂಡರು. ಉಪಗ್ರಹದಿಂದ ಬರುವ ಸಂಕೇತಗಳನ್ನು ಹಿಡಿಯುವ ಕೇಂದ್ರಕ್ಕೆ ಬೆಂಗಳೂರಿನಲ್ಲಿ ಜಾಗ ಸಿಗದಿದ್ದಾಗ ಒಂದು ಶೌಚಾಲಯವನ್ನೇ ಅದಕ್ಕೆ ಮಾರ್ಪಡಿಸಿಕೊಂಡೆವು ಎಂದು ರಾವ್ ಅವರೇ ಮುಂದೆ ನೆನಪಿಸಿಕೊಳ್ಳುತ್ತಿದ್ದರು.

ಇದನ್ನು ಬಡತನದ ಹೆಮ್ಮೆಯಾಗಿ ಹೇಳಿ ಸುಮ್ಮನಾಗುವವರೇ ಹೆಚ್ಚು. ನಮಗೆ ಇದರಲ್ಲಿ ಕಾಣುವುದು ಬೇರೆ. ಶೆಡ್ಡಿನಲ್ಲಿ ಗೋಡೆಗಳು ಕಡಿಮೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುತ್ತದೆ. ಉಪಗ್ರಹದ ಕೆಲಸವೂ ಹಾಗೆಯೇ. ವಿದ್ಯುತ್ತಿನ ವಿಭಾಗದವರು ಎರಡು ವ್ಯಾಟ್ ಹೆಚ್ಚು ಬಳಸಿದರೆ ಪ್ರಯೋಗದ ವಿಭಾಗದವರಿಗೆ ಎರಡು ವ್ಯಾಟ್ ಕಡಿಮೆ. ಒಬ್ಬ ತನ್ನ ಪೆಟ್ಟಿಗೆಯ ತೂಕ ಏರಿಸಿದರೆ ಮತ್ತೊಬ್ಬ ಇಳಿಸಬೇಕು. ನನ್ನದು ಗೆದ್ದರೆ ಸಾಕು ಎನ್ನುವವನು ಅಲ್ಲಿ ತನ್ನದನ್ನೂ ಸೋಲಿಸುತ್ತಾನೆ. ಮೇಲಕ್ಕೆ ಹೋದ ಮೇಲೆ ಸ್ಪ್ಯಾನರ್ ಹಿಡಿದು ರಿಪೇರಿಗೆ ಹೋಗುವಂತಿಲ್ಲ. ಆದ್ದರಿಂದ ನನ್ನ ಭಾಗದಲ್ಲಿ ಒಂದು ಅನುಮಾನವಿದೆ ಎಂದು ಕಿರಿಯವನು ನೆಲದ ಮೇಲಿರುವಾಗಲೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಬೈಗುಳ ಬೀಳುತ್ತದೆ ಎಂಬ ಭಯವಿದ್ದಲ್ಲಿ ಯಾರೂ ಹೇಳುವುದಿಲ್ಲ. ಇಸ್ರೋದಲ್ಲಿ ಧವನ್ ಬೆಳೆಸಿದ ದೊಡ್ಡ ಸಂಪ್ರದಾಯವೆಂದರೆ ಪರಾಮರ್ಶೆಯ ಸಭೆ. ಅಲ್ಲಿ ಹುದ್ದೆಗಿಂತ ಪ್ರಶ್ನೆಗೆ ಮರ್ಯಾದೆ. ಹೊಸದಾಗಿ ಸೇರಿದವನೂ ಹಿರಿಯನ ಲೆಕ್ಕವನ್ನು ಪ್ರಶ್ನಿಸಬಹುದಿತ್ತು.

ಸುಮಾರು ಎರಡೂವರೆ ವರ್ಷದಲ್ಲಿ 26 ಮುಖಗಳ, ಸುಮಾರು 360 ಕಿಲೋ ತೂಕದ ಉಪಗ್ರಹ ಸಿದ್ಧವಾಯಿತು. 1957ರಲ್ಲಿ ಹಾರಿದ ಜಗತ್ತಿನ ಮೊದಲ ಉಪಗ್ರಹ ಸ್ಪುಟ್ನಿಕ್‌ನ ತೂಕ 84 ಕಿಲೋ ಎಂಬುದನ್ನು ನೆನೆದರೆ ಈ ಧೈರ್ಯದ ಅಳತೆ ತಿಳಿಯುತ್ತದೆ. ಸೌರಫಲಕ, ಬ್ಯಾಟರಿಯಂತಹ ಕೆಲವು ಭಾಗಗಳನ್ನು ಸೋವಿಯತ್ತಿನವರು ಕೊಟ್ಟರು. ಖರ್ಚು ಮೂರು ಕೋಟಿ ರೂಪಾಯಿಗಿಂತ ತುಸು ಹೆಚ್ಚು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ಟಿನ್ ಯಾರ್‌ನಿಂದ ಆರ್ಯಭಟ ಮೇಲೇರಿತು. ಎರಡು ರೂಪಾಯಿಯ ನೋಟಿನ ಬೆನ್ನ ಮೇಲೆ ಅದರ ಚಿತ್ರವನ್ನು ನಮ್ಮ ತಲೆಮಾರಿನವರೆಲ್ಲ ನೋಡಿದ್ದೇವೆ.

ಆ ನೋಟು ಹೇಳದ ಒಂದು ಮಾತಿದೆ. ಹಾರಿದ ನಾಲ್ಕೈದು ದಿನಗಳಲ್ಲಿ ಉಪಗ್ರಹದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಕಂಡಿತು. ಎಕ್ಸ್-ಕಿರಣ, ಸೂರ್ಯ, ವಾತಾವರಣಗಳ ಅಧ್ಯಯನಕ್ಕೆಂದು ಇಟ್ಟಿದ್ದ ಮೂರು ಪ್ರಯೋಗಗಳೂ ನಿಂತುಹೋದವು. ಉಪಗ್ರಹ ಮಾತ್ರ ಸಂಕೇತ ಕಳಿಸುತ್ತ ಉಳಿಯಿತು. ಕಠೋರವಾಗಿ ನೋಡುವವರು ಇದನ್ನು ಸೋಲು ಎನ್ನಬಹುದಿತ್ತು. ತಲೆದಂಡ ಕೇಳಬಹುದಿತ್ತು. ಆದರೆ ಅದೇ ಕೇಂದ್ರದ ಕೈಗೆ ಮುಂದಿನ ಉಪಗ್ರಹಗಳನ್ನು ಕೊಡಲಾಯಿತು. 1979 ಮತ್ತು 1981ರಲ್ಲಿ ಎರಡು ‘ಭಾಸ್ಕರ’ಗಳು ಹಾರಿದವು. ಅವುಗಳ ಯೋಜನಾ ನಿರ್ದೇಶಕರಾಗಿದ್ದ ಕೆ. ಕಸ್ತೂರಿರಂಗನ್ 1994ರಲ್ಲಿ ಇಸ್ರೋದ ಅಧ್ಯಕ್ಷರೇ ಆದರು.

1981ರ ಜೂನ್‌ನಲ್ಲಿ ಹಾರಿದ ‘ಆ್ಯಪಲ್’ ಸಂಪರ್ಕ ಉಪಗ್ರಹವೂ ಇಂತಹ ಶೆಡ್ಡುಗಳಲ್ಲಿ ಎರಡು ವರ್ಷದಲ್ಲಿ ತಯಾರಾದದ್ದೇ. ಅದನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರ ಜಗತ್ಪ್ರಸಿದ್ಧ. ವಿದೇಶಿಯರು ಅದನ್ನು ನೋಡಿ ನಕ್ಕದ್ದುಂಟು. ಆದರೆ ಗಾಡಿ ತಂದದ್ದು ಲಾರಿಗೆ ಗತಿಯಿಲ್ಲದೆ ಅಲ್ಲ. ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ಪೀಠ ಬೇಕಿತ್ತು, ಮರದ ಗಾಡಿ ಅದಕ್ಕೆ ಒದಗಿತು. ಹಾರಿದ ಮೇಲೆ ಆ್ಯಪಲ್‌ನ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಆರ್.ಎಂ. ವಾಸಗಂ ನೇತೃತ್ವದ ತಂಡ ಉಳಿದೊಂದು ಫಲಕದ ವಿದ್ಯುತ್ತಿನಲ್ಲಿಯೇ ಅದನ್ನು 27 ತಿಂಗಳು ದುಡಿಸಿತು. ಆರ್ಯಭಟದ ವಿದ್ಯುತ್ ದೋಷ ಕಲಿಸಿದ ಪಾಠ ಆ ಜನರ ಜೊತೆಯಲ್ಲಿಯೇ ಉಳಿದಿತ್ತು. ಅಂದು ಅವರನ್ನು ಅಟ್ಟಿದ್ದರೆ ಪಾಠವೂ ಹೋಗುತ್ತಿತ್ತು.

ನೋವು ಹೊತ್ತವನು, ಹಾರ ಬಿಟ್ಟುಕೊಟ್ಟವನು

ಹಮ್‌ದರ್ದಿಯ ಅರ್ಥ ಪೂರ್ತಿಯಾಗುವುದು ಇನ್ನೊಂದು ಘಟನೆಯಲ್ಲಿ. ರಾಮೇಶ್ವರದ ದೋಣಿಯ ಜೈನುಲಾಬ್ದೀನ್ ಅವರ ಮಗ ಎ.ಪಿ.ಜೆ. ಅಬ್ದುಲ್ ಕಲಾಂ ಬೆಂಗಳೂರಿಗೆ ಹೊಸಬರಲ್ಲ. ಇಲ್ಲಿಯ ರಕ್ಷಣಾ ಪ್ರಯೋಗಾಲಯದಲ್ಲಿ ‘ನಂದಿ’ ಎಂಬ ಹೋವರ್‌ಕ್ರಾಫ್ಟ್ ತಯಾರಿಸಿದ್ದವರು. ಆಮೇಲೆ ಇಸ್ರೋ ಸೇರಿ, ಭಾರತದ್ದೇ ಆದ ಮೊದಲ ಉಪಗ್ರಹ ಉಡಾವಣಾ ರಾಕೆಟ್ ಎಸ್‌ಎಲ್‌ವಿ-3ರ ಹೊಣೆ ಹೊತ್ತರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ಅದರ ಮೊದಲ ಹಾರಾಟ. ಕ್ಷಣಗಣನೆಯ ಕೊನೆಯಲ್ಲಿ ಕಂಪ್ಯೂಟರ್ ತಡೆಯಿರಿ ಎಂದಿತು. ತಜ್ಞರ ಮಾತು ಕೇಳಿ ಕಲಾಂ ಮುಂದುವರಿಯಿರಿ ಎಂದರು. ಐದು ನಿಮಿಷ ದಾಟುತ್ತಿದ್ದಂತೆ ರಾಕೆಟ್ ಬಂಗಾಳ ಕೊಲ್ಲಿಯ ಪಾಲಾಯಿತು.

ಪತ್ರಕರ್ತರು ಹೊರಗೆ ಕಾದಿದ್ದರು. ಅಧ್ಯಕ್ಷ ಧವನ್ ಕಲಾಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಮಾತಾಡಿದರು. ಸೋಲಿನ ಹೊಣೆ ತಮ್ಮದೆಂದರು, ತಂಡದ ಮೇಲೆ ತಮಗೆ ನಂಬಿಕೆಯಿದೆ, ಒಂದು ವರ್ಷದೊಳಗೆ ಗೆದ್ದು ತೋರಿಸುತ್ತಾರೆ ಎಂದರು. 1980ರ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಧವನ್ ಪತ್ರಕರ್ತರ ಎದುರು ಹೋಗಲಿಲ್ಲ, ನೀವೇ ಹೋಗಿ ಮಾತಾಡಿ ಎಂದು ಕಲಾಂ ಅವರನ್ನು ಕಳಿಸಿದರು. ರಾಷ್ಟ್ರಪತಿಯಾದ ಮೇಲೂ ಕಲಾಂ ಈ ಘಟನೆಯನ್ನು ಮಕ್ಕಳೆದುರು, ಇಂಜಿನಿಯರುಗಳೆದುರು ಮತ್ತೆ ಮತ್ತೆ ಹೇಳುತ್ತಿದ್ದರು. ನಾಯಕತ್ವದ ಬಗ್ಗೆ ತಾವು ಕಲಿತ ದೊಡ್ಡ ಪಾಠ ಪುಸ್ತಕದಿಂದ ಬಂದದ್ದಲ್ಲ ಎನ್ನುತ್ತಿದ್ದರು.

ಅನುಮಾನ ಗೆದ್ದ ವರ್ಷಗಳು

ಈ ಇತಿಹಾಸಕ್ಕೆ ಕಪ್ಪು ಪುಟವೂ ಇದೆ. ಅದನ್ನು ಬಿಟ್ಟರೆ ನಂಬಿಕೆಯ ಬೆಲೆ ತಿಳಿಯುವುದಿಲ್ಲ. 1994ರ ಅಕ್ಟೋಬರಿನಲ್ಲಿ ತಿರುವನಂತಪುರದಲ್ಲಿ ಮಾಲ್ಡೀವ್ಸ್‌ನ ಮರಿಯಂ ರಶೀದಾ ಎಂಬ ಮಹಿಳೆಯ ಬಂಧನವಾಯಿತು. ಮುಂದೆ ಫೌಜಿಯಾ ಹಸನ್, ಇಸ್ರೋದ ವಿಜ್ಞಾನಿ ನಂಬಿ ನಾರಾಯಣನ್ ಮತ್ತಿತರರ ಸರದಿ. ರಾಕೆಟ್ ರಹಸ್ಯ ಮಾರಿದರೆಂಬ ಆರೋಪ. ಇಬ್ಬರು ಮಹಿಳೆಯರು ಪರದೇಶದವರು, ಮುಸ್ಲಿಮರು. ಕೆಲವು ಪತ್ರಿಕೆಗಳಿಗೆ ಬೇರೆ ಪುರಾವೆಯೇ ಬೇಕಾಗಲಿಲ್ಲ. ಅವರ ಹೆಸರಿನ ಸುತ್ತ ಹೆಣೆದ ಅಶ್ಲೀಲ ಕಥೆಗಳು ಕನ್ನಡದಲ್ಲೂ ಓದಲು ಸಿಕ್ಕವು.

1996ರಲ್ಲಿ ಸಿಬಿಐ ಇದು ಸುಳ್ಳು ಪ್ರಕರಣ ಎಂದಿತು. 1998ರಲ್ಲಿ ಸುಪ್ರೀಂ ಕೋರ್ಟ್ ಮರುತನಿಖೆಯ ಪ್ರಯತ್ನವನ್ನೂ ತಳ್ಳಿಹಾಕಿತು. ಅಷ್ಟರಲ್ಲಿ ಆ ಇಬ್ಬರು ಮಹಿಳೆಯರು ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದರು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅದೇ ಪ್ರಕರಣದಲ್ಲಿ ಸಿಲುಕಿ ನರಳಿದ, ರಷ್ಯದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ಕೆ. ಚಂದ್ರಶೇಖರ್ ಎರಡು ದಿನಗಳ ನಂತರ ಬೆಂಗಳೂರಿನಲ್ಲಿ ತೀರಿಕೊಂಡರು. ತೀರ್ಪು ಬಂದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಫೌಜಿಯಾ 2022ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ದಾಖಲಿಸಲೇಬೇಕು. ಊರೆಲ್ಲ ಕಲ್ಲು ಹಿಡಿದು ನಿಂತಿದ್ದಾಗ, ಪ್ರಕರಣ ಇನ್ನೂ ಇತ್ಯರ್ಥವಾಗದಿದ್ದಾಗಲೇ, ಧವನ್, ಯು.ಆರ್. ರಾವ್, ಯಶ್‌ಪಾಲ್ ಮೊದಲಾದ ಹಿರಿಯರು ಒಟ್ಟಾಗಿ ಹೇಳಿಕೆ ಕೊಟ್ಟು ಆರೋಪ ಬುಡವಿಲ್ಲದ್ದು ಎಂದರು. ಧವನ್, ರಾವ್ ಇಬ್ಬರೂ ಆಗ ಅಧಿಕಾರದಿಂದ ಇಳಿದಿದ್ದರು. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಹೊರವಲಯದ ಇನ್ನೊಂದು ದೃಶ್ಯ

ಪೀಣ್ಯದ ಕಥೆ ವಿಜ್ಞಾನಿಗಳದ್ದು, ಸಾಮಾನ್ಯ ಕಾರ್ಮಿಕರಿಗೆ ಅನ್ವಯಿಸುವುದಿಲ್ಲ ಎನ್ನುವವರಿದ್ದಾರೆ. ಅವರು ವೈಟ್‌ಫೀಲ್ಡ್, ಹೊಸಕೋಟೆ ದಾಟಿ ಕೋಲಾರದ ದಾರಿಯಲ್ಲಿರುವ ನರಸಾಪುರವನ್ನು ನೆನೆಯಬೇಕು. 2020ರ ಡಿಸೆಂಬರ್ 12ರ ಬೆಳಿಗ್ಗೆ ಅಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜುಗಳು ಒಡೆದವು, ವಾಹನಗಳು ಉರುಳಿದವು. ನೂರಕ್ಕೂ ಹೆಚ್ಚು ಕಾರ್ಮಿಕರ ಬಂಧನವಾಯಿತು. ಹೆಚ್ಚಿನವರು ಗುತ್ತಿಗೆಯ ಮೇಲೆ ಸೇರಿದ ಹಳ್ಳಿಯ ಹುಡುಗರು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಒಂದು ವಾರದಲ್ಲಿ ಕಂಪನಿಯೇ ಹೇಳಿಕೆ ಕೊಟ್ಟಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಆ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಸೇರಿತು.

ಸಂಬಳದ ಚೀಟಿಯಲ್ಲಿ ಕಡಿಮೆ ಹಣ ಕಂಡ ಹುಡುಗ ಯಾರನ್ನು ಕೇಳಬೇಕಿತ್ತು? ಅವನ ಮೇಲೆ ಗುತ್ತಿಗೆದಾರ, ಗುತ್ತಿಗೆದಾರನ ಮೇಲೆ ಮತ್ತೊಬ್ಬ. ಪೀಣ್ಯದ ಶೆಡ್ಡಿನಲ್ಲಿ ಕಿರಿಯನ ಮಾತು ಮೇಲಿನವರಿಗೆ ತಲುಪಲು ಒಂದು ದಾರಿಯಿತ್ತು. ಇಲ್ಲಿ ಆ ದಾರಿಯೇ ಮುಚ್ಚಿತ್ತು. ವ್ಯತ್ಯಾಸ ಬುದ್ಧಿವಂತಿಕೆಯದ್ದಲ್ಲ.

ಆ ಪೀಣ್ಯ ಈಗಲೂ ಇದೆ. ಇಸ್ರೋದ ಉಪಗ್ರಹ ನಿಯಂತ್ರಣ ಜಾಲದ ಕೇಂದ್ರ ಇರುವುದು ಅಲ್ಲಿಯೇ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನ ನೆಲಕ್ಕೆ ಸುಮಾರು ಎರಡು ಕಿಲೋಮೀಟರ್ ಎತ್ತರದಲ್ಲಿ ಮೌನವಾದದ್ದನ್ನು ಅಲ್ಲಿಂದಲೇ ನೋಡಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನೂ ಅಲ್ಲಿಂದಲೇ ನೋಡಿದರು. ಈ ಬಾರಿ ಏನು ಸರಿಹೋಗುತ್ತದೆ ಎಂದು ಕೇಳಿಕೊಳ್ಳುವ ಬದಲು ಏನೇನು ತಪ್ಪಬಹುದು ಎಂದು ಕೇಳಿಕೊಂಡು ವಿನ್ಯಾಸ ಮಾಡಿದೆವು ಎಂಬ ಅರ್ಥದ ಮಾತನ್ನು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಹೇಳಿದ್ದರು. ತಪ್ಪನ್ನು ಭಯವಿಲ್ಲದೆ ಎಣಿಸುವ ಈ ಅಭ್ಯಾಸಕ್ಕೆ ಆ ಹಳೆಯ ಶೆಡ್ಡುಗಳೇ ಪಾಠಶಾಲೆ. ಅದರ ಮುಂದಿನ ತಿಂಗಳು, ಸೂರ್ಯನ ಅಧ್ಯಯನಕ್ಕೆ ಹೊರಟ ‘ಆದಿತ್ಯ-ಎಲ್1’ರ ಯೋಜನಾ ನಿರ್ದೇಶಕಿಯಾಗಿದ್ದವರು ನಿಗಾರ್ ಶಾಜಿ. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನ ಈ ಮುಸ್ಲಿಂ ಮಹಿಳೆ 1987ರಲ್ಲಿ ಇಸ್ರೋ ಸೇರಿ, ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಬೆಳೆದವರು. ಆ ಕೇಂದ್ರಕ್ಕೆ ಈಗ ಯು.ಆರ್. ರಾವ್ ಅವರದೇ ಹೆಸರು.

ನಮ್ಮ ಅಂಗಳದ ಪ್ರಶ್ನೆ

ನಿಗಾರ್ ಶಾಜಿಯವರ ಚಿತ್ರವನ್ನು ನಮ್ಮವರೆಲ್ಲ ಅಭಿಮಾನದಿಂದ ಹಂಚಿಕೊಂಡರು. ಒಳ್ಳೆಯದೇ. ಆದರೆ ಅಭಿಮಾನಪಟ್ಟವರೆಲ್ಲ ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೆಸರು ನೋಡಿ ಕೆಲಸ ಕೊಡದವರು, ಬಾಡಿಗೆಗೆ ಮನೆ ಕೊಡದವರು ಈ ನಗರದಲ್ಲಿದ್ದಾರೆ. ಅದರ ವಿರುದ್ಧ ಮಾತಾಡುವುದು ನಮ್ಮ ಹಕ್ಕು. ಜೊತೆಗೆ ನಮ್ಮ ಕೈಯಲ್ಲೇ ಇರುವ ಸಂಸ್ಥೆಗಳನ್ನೂ ನೋಡೋಣ. ನಮ್ಮ ಅಂಜುಮನ್‌ಗಳು, ಜಮಾಅತ್ ಕಮಿಟಿಗಳು, ಶಾಲೆಗಳ ಆಡಳಿತ ಮಂಡಳಿಗಳು ಇಪ್ಪತ್ತಾರು ವರ್ಷದ ಹುಡುಗನಿಗೆ ಏನನ್ನು ವಹಿಸುತ್ತವೆ? ಜಲ್ಸಾದಲ್ಲಿ ಕುರ್ಚಿ ಹಾಕುವುದನ್ನು, ಇಫ್ತಾರಿನಲ್ಲಿ ಶರಬತ್ತು ಹಂಚುವುದನ್ನು. ಹುಡುಗಿಗೆ ಅದನ್ನೂ ಇಲ್ಲ. ಅನುಭವವಿಲ್ಲ ಎಂದು ಹೊಣೆ ಕೊಡುವುದಿಲ್ಲ, ಹೊಣೆ ಕೊಡದ್ದರಿಂದ ಅನುಭವ ಬರುವುದಿಲ್ಲ. ಒಂದು ಲೆಕ್ಕ ತಪ್ಪಿದರೆ ಜುಮಾ ಮುಗಿದ ಮೇಲೆ ಎಲ್ಲರೆದುರು ಮಾನ ಕಳೆಯುತ್ತೇವೆ. ಕೆಲಸ ಗೆದ್ದರೆ ಫಲಕದಲ್ಲಿ ಸದರ್ ಸಾಹೇಬರ ಹೆಸರು.

ನಮಗೆ ಇದನ್ನು ಕಲಿಯಲು ಬೇರೆಡೆಗೆ ಹೋಗಬೇಕಾಗಿಯೂ ಇಲ್ಲ. ಪ್ರವಾದಿಯವರು ತಮ್ಮ ಕೊನೆಯ ದಿನಗಳಲ್ಲಿ ಒಂದು ಸೇನೆಯ ನಾಯಕತ್ವವನ್ನು ವಹಿಸಿದ್ದು ಉಸಾಮಾ ಎಂಬ ತರುಣನಿಗೆ. ಆತ ಗುಲಾಮಗಿರಿಯಿಂದ ಬಿಡುಗಡೆಯಾದ ಝೈದ್ ಅವರ ಮಗ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹಿರಿಯರು ಗೊಣಗಿದರು. ಪ್ರವಾದಿಯವರು ತೀರಿಕೊಂಡ ಮೇಲೆ ಖಲೀಫರಾದ ಅಬೂಬಕರ್ ಆ ನೇಮಕವನ್ನು ಬದಲಿಸಲಿಲ್ಲ. ಸೇನೆಯನ್ನು ಬೀಳ್ಕೊಡಲು ಬಂದಾಗ ಉಸಾಮಾ ಕುದುರೆಯ ಮೇಲೆ, ಖಲೀಫರು ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ. ಆ ಸೇನೆಯಲ್ಲಿದ್ದ ಉಮರ್ ಅವರು ಮದೀನಾದಲ್ಲಿ ತಮಗೆ ಬೇಕಿದ್ದರು. ಅವರನ್ನು ಉಳಿಸಿಕೊಳ್ಳಲು ಖಲೀಫರೇ ಆ ಹುಡುಗನ ಅನುಮತಿ ಕೇಳಿದರು ಎನ್ನುತ್ತದೆ ಇತಿಹಾಸ. ವಹಿಸಿಕೊಟ್ಟ ಮೇಲೆ ಅಧಿಕಾರ ಅವನದು. ಅಮಾನತ್ ಎಂಬ ಪದದ ನಡವಳಿಕೆ ಇದು.

ಪೀಣ್ಯದ ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ಹಳೆಯ ಕೆಲಸಗಾರನನ್ನು ಈಗಲೂ ಉಸ್ತಾದ್ ಎನ್ನುತ್ತಾರೆ. ಒಳ್ಳೆಯ ಉಸ್ತಾದ್ ಒಂದು ದಿನ ಶಾಗಿರ್ದನ ಕೈಗೆ ಯಂತ್ರ ಬಿಟ್ಟು ಚಹಾ ಕುಡಿಯಲು ಹೊರಗೆ ಹೋಗುತ್ತಾನೆ. ಒಂದು ಬಿಡಿಭಾಗ ಹಾಳಾಗಬಹುದೆಂದು ಅವನಿಗೆ ಗೊತ್ತು, ಮಾಲೀಕನ ಬೈಗುಳಕ್ಕೆ ತಲೆಕೊಡಬೇಕಾದವನು ತಾನೇ ಎಂದೂ ಗೊತ್ತು. ನಮ್ಮ ಕಮಿಟಿಗಳ ಮುಂದಿನ ಸಭೆಯಲ್ಲಿ ಶಾಲೆಯ ಲೆಕ್ಕಪುಸ್ತಕವನ್ನೋ ಹೊಸ ಕಟ್ಟಡದ ಹೊಣೆಯನ್ನೋ ಮೂವತ್ತು ದಾಟದ ಒಬ್ಬಳಿಗೆ, ಒಬ್ಬನಿಗೆ ಪೂರ್ತಿಯಾಗಿ ವಹಿಸುವ ಠರಾವು ಬರಲಿ. ತಪ್ಪಾದರೆ ಉತ್ತರ ಹೇಳುವವರು ಹಿರಿಯರು ಎಂಬ ಸಾಲನ್ನೂ ಆ ಠರಾವಿನಲ್ಲಿ ಸೇರಿಸೋಣ.